ಜರೀಗಿಡದ ಕಂದು ಪುಡಿ

ಕೋದಂಡಪ್ಪನವರು ನನ್ನನ್ನು ನೋಡಿ ನಕ್ಕದ್ದನ್ನು ಯಾರಾದರೂ ಕಂಡರೇ? ಅಂದು ಬೆಳಗ್ಗೆ ಡೈರಿ ತೆರೆದಾಗ ನನಗಿದ್ದ ಚಿಂತೆ ಅಷ್ಟೇ. ಹಿಂದಿನ ದಿನ ನಮ್ಮೂರ ಕೋರಮಂಡಲ್ ಬಡಾವಣೆಯ ವೆಂಕಟರತ್ನಮ್ಮನವರ ಮನೆಯಲ್ಲಿ ನಾಮಕರಣ. ಗುಲಾಬಿಗೊಂದು ಜರೀಗಿಡದ, ಅದೇ ಫರ್ನಿನ, ಎಲೆ ಸೇರಿಸಿ, ಗಂಡಸರ ಕೋಟಿನ ಗುಂಡಿಗೆಂದು ಕಟ್ಟಿ ಹಂಚಿದವಳು ನಾನು.

ಅಷ್ಟರಲ್ಲಿ ಆ ಮನೆಯ ಮಾಲಿ ಆರುಮುಗಂ ಓಡಿಬಂದ. "ಗಂಗರತ್ನಮ್ಮಾ, ಯಜಮಾನಮ್ಮನ ಕಾಸಿನ ಸರ ಕಾಣ್ತಿಲ್ಲ. ನಾನೇ ಕದ್ದೆ ಅಂತಾರೆ. ಸಾಯಂಕಾಲದೊಳ್ಗೆ ಔಟ್‌ಹೌಸ್ ಬಿಡ್ಬೇಕಂತೆ. ಮಕ್ಕಳ್ನ ಕರ್ಕೊಂಡು ಎಲ್ಲಿಗ್ ಓಗ್ಲಿ?"

ನನ್ನ ಸೋದರತ್ತೆ ಗಂಗರತ್ನಮ್ಮ ನಿವೃತ್ತ ಸ್ಕೂಲ್ ಮೇಡಂ. ಊರಿನಲ್ಲಿ ಏನು ಕಳುವಾದರೂ ಜನ ಮೊದಲು ಬರುವುದು ಅವರ ಬಾಗಿಲಿಗೆ. ಅತ್ತೆ ಸೆರಗು ಹೊದ್ದು ಹೊರಟರು, ನಾನೂ ಹಿಂದೆ ನಡೆದೆ.

ವೆಂಕಟರತ್ನಮ್ಮನವರ ಕೋಣೆಯ ಬೀರುವಿನ ಒಳಗೆ, ಸರವಿದ್ದ ಬಿಳಿ ಬಟ್ಟೆಯ ಮೇಲೆ ಕಂದು ಪುಡಿ ಉದುರಿತ್ತು. "ತೋಟದ ಮಣ್ಣು," ಎಂದರು ವೆಂಕಟರತ್ನಮ್ಮ.

ಅವರ ತಮ್ಮ, ಬಂಗಾರಪೇಟೆಯ ಕೋದಂಡಪ್ಪನವರು, ಬಾಗಿಲಲ್ಲೇ ನಿಂತು ಕೇಳಿದರು. "ಏನ್ಲಾ ಆರುಮುಗಂ, ಬೀರೂಗೆ ಗೊಬ್ಬರ ಆಕಕ್ಕೆ ಬಂದಿದ್ದಾ? ನಾನಂತೂ ಈ ಕೋಣೆಗೆ ಕಾಲೇ ಇಟ್ಟಿಲ್ಲಪ್ಪ."

ಅತ್ತೆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಹೋದರು. ಜರೀಗಿಡ ಘಟ್ಟದ ಕಾಡಿನದು. ಈ ಒಣ ಸೀಮೆಯಲ್ಲಿ ಆರುಮುಗಂ ಅದನ್ನು ಒದ್ದೆ ಗೋಣಿಯ ಮರೆಯಲ್ಲಿ ಬದುಕಿಸಿದ್ದ.

"ಬಾಟನಿ ಓದಿದವಳಲ್ಲವೇನೇ? ಎಲೆಯ ಹಿಂದೆ ಇದೇನು ಚುಕ್ಕಿ?"

"ಅದರಲ್ಲಿ ಪುಡಿ ಇರುತ್ತೆ ಅತ್ತೆ. ಎಲೆ ಒಣಗಿದರೆ ಮಾತ್ರ ಒಡೆದು ಉದುರುತ್ತೆ."

ಹೇಳುತ್ತಲೇ ನಿನ್ನೆ ಹಂಚಿದ ಎಲೆಗಳು ನೆನಪಾದವು. ಎಲ್ಲರಿಗೂ ಚುಕ್ಕಿ ಮೂಡದ ಎಳೆ ಎಲೆ ಕೊಟ್ಟಿದ್ದೆ. ಒಬ್ಬರಿಗೆ ಮಾತ್ರ ಬಲಿತದ್ದು.

ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ಅತ್ತೆ ಎರಡು ಲೋಟ ನೀರು ತರಿಸಿದರು. ಒಂದಕ್ಕೆ ತೋಟದ ಮಣ್ಣು ಹಾಕಿದರು, ನೀರು ಕದಡಿತು. ಇನ್ನೊಂದಕ್ಕೆ ಬೀರುವಿನ ಪುಡಿ. ಅದು ಮೇಲೆಯೇ ತೇಲಿತು.

"ಇದು ಮಣ್ಣಲ್ಲ, ಜರೀಗಿಡದ ಪುಡಿ."

"ಅಂಗಾದ್ರೂ ಮಾಲೀನೇ ಅಲ್ವಾ?" ಎಂದರು ಕೋದಂಡಪ್ಪನವರು.

"ಅವನು ಮುಟ್ಟೋದು ಒದ್ದೆ ಎಲೆ. ಒದ್ದೆ ಎಲೆ ಪುಡಿ ಉದುರಿಸೋದಿಲ್ಲ. ನಿನ್ನೆಯೆಲ್ಲ ಕೋಟಿನಲ್ಲಿ ಒಣಗಿದ ಎಲೆಯಿಂದ, ಬೀರುವಿಗೆ ಬಗ್ಗಿದಾಗ ಬಿದ್ದದ್ದು ಇದು."

"ಎಲ್ಲರ ಕೋಟಲ್ಲೂ ಎಲೆ ಇತ್ತಲ್ಲಮ್ಮ!" ಎಂದರು ಕೋದಂಡಪ್ಪನವರು.

"ಇತ್ತು. ಚುಕ್ಕಿಯ ಎಲೆ ಯಾರದು? ಹಂಚಿದವಳು ಹೇಳಬೇಕು." ಅತ್ತೆ ನನ್ನತ್ತ ತಿರುಗಿದರು.

ಹೇಳಿದರೆ ನನ್ನ ಮನಸ್ಸೂ ಬಯಲಾಗುತ್ತಿತ್ತು. ಹೊರಗೆ ಆರುಮುಗನ ಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು ಕೇಳುತ್ತಿತ್ತು. ನಾನು ಎದ್ದು ನಿಂತೆ.

"ಚುಕ್ಕಿ ಇದ್ದದ್ದು ಒಂದೇ ಎಲೆ. ಅಂದವಾಗಿದೆ ಅಂತ ಆರಿಸಿ, ಕೋದಂಡಪ್ಪನವರಿಗೆ ನಾನೇ ಕೊಟ್ಟೆ."