ಗಡಿಗಲ್ಲಿನ ಕೆಳಗಿನ ಬಳೆ

‘ಮಾಘ ಶುದ್ಧ ಸಪ್ತಮಿ. ಹಿಮದ ಅಂಚಿಗೆ ಇಂದು ಗಡಿಗಲ್ಲು ನೆಡಿಸಿದೆ. ಕೈ ಚಾಚಿದರೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಹಿಮ. ವಾಡಿಕೆಯಂತೆ ಬುಡದಲ್ಲಿ ನನ್ನ ಹಸಿರು ಬಳೆ ಹೂಳಿದೆ.’

ಎಷ್ಟೋ ಕಾಲದ ಹಿಂದೆ, ಮುಗಿಲಿಗೆ ತಲೆ ತಾಗಿಸಿದ ನೊರೆಗಿರಿ ರಾಜ್ಯದಲ್ಲಿ, ರಾಣಿ ಕೇತಲದೇವಿ ಪಟ್ಟಕ್ಕೆ ಬಂದ ವರ್ಷ ತನ್ನ ದಿನಚರಿಯಲ್ಲಿ ಹೀಗೆ ಬರೆದಿದ್ದಳು. ತಲೆ ನರೆತ ಮೇಲೆ ಹೋಗಿ ನೋಡಿದರೆ ಕಲ್ಲು ಬರಿಯ ಜಲ್ಲಿಯ ನಡುವೆ ನಿಂತಿದೆ. ಹಿಮನದಿ ಕೂಗಿದರೂ ಕೇಳದಷ್ಟು ಮೇಲಿದೆ. ಅದರ ಬಾಯಿಂದ ಹೊರಡುವ ಹೊಳೆ ಸೊರಗಿತ್ತು. ಹೊಳೆ ಬತ್ತಿದರೆ ಜವೆಗೋದಿ ಬೆಳೆಯದು, ಜವೆಗೋದಿ ಇಲ್ಲದಿದ್ದರೆ ರಾಜ್ಯವೇ ಗಂಟುಮೂಟೆ ಕಟ್ಟಬೇಕು.

ರಾಣಿ ತನ್ನ ಬರಹವನ್ನು ಎಂದೂ ಸಂಶಯಿಸಿದವಳಲ್ಲ. ಉಳಿದವರನ್ನೆಲ್ಲ ಸಂಶಯಿಸಿದಳು.

ಮೊದಲು ಕಲ್ಲು ಕಾಯುವ ತಮ್ಮ ಬಿಜ್ಜಣನನ್ನು ಕರೆಸಿದಳು. “ಕಲ್ಲನ್ನು ಕೆಳಗೆ ಸರಿಸಿದವನು ನೀನೇ?”

“ಅಕ್ಕಾ, ಎತ್ತು ಕಟ್ಟಿ ಎಳೆದರೂ ಜಗ್ಗದ ಕಲ್ಲು ಅದು. ನನ್ನ ತೋಳು ನೋಡಿದ್ದೀಯಲ್ಲ. ಬುಡ ಅಗೆಸು, ಬಳೆ ಇದೆಯೋ ಇಲ್ಲವೋ ನೋಡು.”

ಅಗೆಸಿದಳು. ಹಸಿರು ಬಳೆ ಅಲ್ಲೇ ಇತ್ತು.

“ಬಳೆಯನ್ನೂ ಜೊತೆಗೇ ತಂದಿರುತ್ತೀಯ.”

“ಚಿಕ್ಕಂದಿನಲ್ಲಿ ಬೆಲ್ಲ ಕದ್ದದ್ದನ್ನು ನೀನಿನ್ನೂ ಮರೆತಿಲ್ಲ,” ಎಂದ ಬಿಜ್ಜಣ.

ಅವನನ್ನು ಸೆರೆಯಲ್ಲಿಟ್ಟು, ಅವನ ಜೊತೆಗಾರರನ್ನು ಹುಡುಕುತ್ತ ತಾನೇ ಬೆಟ್ಟ ಹತ್ತಿದಳು. ಸೆರಗಿನೊಳಗೆ ಉರಿಬೆಕ್ಕು ಗುರುಗುಟ್ಟುತ್ತಿತ್ತು. ಶಿಖರದ ಮಾಂತ್ರಿಕ ಕೆಂಡಗಣ್ಣ ಮನೆಗೊಂದರಂತೆ ಹಂಚಿದ ಬೆಕ್ಕುಗಳವು. ಸೌದೆ ಬೇಡ, ಹಾಲು ಬೇಡ, ಮನೆ ಮಾತ್ರ ಸದಾ ಬೆಚ್ಚಗೆ.

ಹಿಮದ ಗುಹೆಯಲ್ಲಿ ಮಾತಾಡುವ ಬಿಳಿಕರಡಿ ಮಲಗಿತ್ತು. “ನನ್ನ ಹಿಮ ತಿಂದವನು ನೀನೇ?” ಎಂದಳು ರಾಣಿ.

“ಕೈ ಹಾಕಿ ನೋಡು,” ಎಂದು ಕರಡಿ ಬಾಯಿ ತೆರೆಯಿತು. ರಾಣಿ ಮೊಣಕೈವರೆಗೆ ಕೈ ಹಾಕಿದಳು. ನಾಲಗೆ ಒಣಗಿ ತೊಗಟೆಯಂತಿತ್ತು.

“ಹಾಗಾದರೆ ಮೈಮೇಲೆ ಇಷ್ಟು ಕೊಬ್ಬು ಎಲ್ಲಿಂದ ಬಂತು?”

“ಅದು ಕೂದಲು, ತಾಯಿ.”

ಕೆಂಡಗಣ್ಣ ತುದಿಯ ಬಂಡೆಯ ಮೇಲೆ ಕೂತು ಕಾಲಾಡಿಸುತ್ತಿದ್ದ. “ನನ್ನ ಹಿಮ ಕದ್ದವನು ನೀನೇ?” ಎಂದು ರಾಣಿ ಅವನನ್ನೂ ಕೇಳಿದಳು.

“ನಿಮ್ಮಿಂದ ಒಂದು ಹನಿಯನ್ನೂ ತೆಗೆದುಕೊಂಡಿಲ್ಲ, ರಾಣಿ. ಕೊಟ್ಟಿದ್ದೇನೆ, ಅಷ್ಟೇ.”

ರಾಣಿಯ ಸಂಶಯ ಇಮ್ಮಡಿಯಾಯಿತು. “ನಿನ್ನ ಬೆಕ್ಕುಗಳು ಏನು ತಿನ್ನುತ್ತವೆ?”

“ಅಂತೂ ಒಬ್ಬರು ಕೇಳಿದಿರಿ. ಹಿಂತಿರುಗಿ ನೋಡಿ.”

ನೋಡಿದಳು. ತಾನು ಬಂದ ದಾರಿಯುದ್ದಕ್ಕೂ ಹಿಮದಲ್ಲಿ ಹೆಜ್ಜೆಗೊಂದು ಗುಂಡಿ, ಗುಂಡಿಯ ತುಂಬ ಬಿಸಿನೀರು. ಸೆರಗಿನೊಳಗೆ ಬೆಕ್ಕು ತುಟಿ ನೆಕ್ಕಿಕೊಂಡಿತು.

“ಮನೆಯಲ್ಲಿ ಕೂತರೂ ಬೆಕ್ಕುಗಳು ತಿನ್ನುವುದು ಈ ಹಿಮವನ್ನೇ. ಹೊಳೆ ಬತ್ತಿದರೆ ನೀವು ಹೊರಡುತ್ತೀರಿ, ಕಣಿವೆ ನನ್ನದಾಗುತ್ತದೆ,” ಎಂದು ಮಾಂತ್ರಿಕ ನಕ್ಕ. “ಅವು ಹೊಡೆದರೆ ಸಾಯುವುದಿಲ್ಲ. ಸಾಕಿದವರೇ ಕೈಯಾರೆ ನನಗೆ ಮರಳಿಸಬೇಕು. ಈ ಚಳಿಯಲ್ಲಿ ಯಾರು ಮರಳಿಸುತ್ತಾರೆ?”

ರಾಣಿ ಬೆಕ್ಕನ್ನು ಅವನ ಮಡಿಲಿಗೆ ಹಾಕಿದಳು. ಅವನ ಪಂಚೆಯಿಂದ ಹೊಗೆ ಎದ್ದಿತು. ನಗು ನಿಂತಿತು.

ಇಳಿದು ಬಂದವಳೇ ತಮ್ಮನನ್ನು ಬಿಡಿಸಿದಳು. “ಬೆಲ್ಲದ ವಿಷಯ ಬಿಡುವುದಿಲ್ಲ. ಉಳಿದದ್ದಕ್ಕೆ ಕ್ಷಮಿಸು.”

ಊರವರನ್ನು ಸೇರಿಸಿ ನಡೆದದ್ದನ್ನು ಹೇಳಿದಾಗ, ಅವರು ಅವಳನ್ನೇ ಸಂಶಯಿಸಿದರು. “ಅರಮನೆಯಲ್ಲಿ ಇನ್ನೊಂದು ಬೆಕ್ಕು ಬಚ್ಚಿಟ್ಟಿರಬೇಕು,” ಎಂದಳು ಮುದುಕಿ ಸಂಕಮ್ಮ.

ರಾಣಿ ಬಲಗೈ ತೋರಿಸಿದಳು. ಬೆಕ್ಕಿಲ್ಲದೆ ಹಿಮ ದಾಟಿದ ಕೈಯ ಎರಡು ಬೆರಳು ಕರ್ರಗಾಗಿದ್ದವು. ಸಂಕಮ್ಮ ಸ್ವಲ್ಪ ಹೊತ್ತು ಆ ಕೈ ನೋಡಿದಳು. ಆಮೇಲೆ ತನ್ನ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬೆಟ್ಟದ ಕಡೆ ಹೊರಟಳು. ಹಿಂದೆ ಊರಿಗೆ ಊರೇ ಹೊರಟಿತು. ಮಡಿಲು ಮೀರಿ ಹೆಗಲು, ತಲೆ ಏರಿದ ಬೆಕ್ಕುಗಳ ಕೆಳಗೆ ಕೆಂಡಗಣ್ಣ ಹಿಡಿ ಬೂದಿಯಾದ. ಅವನೊಂದಿಗೆ ಬೆಕ್ಕುಗಳೂ ಆರಿದವು.

ಹಿಮನದಿ ನಿಂತಲ್ಲೇ ನಿಂತಿತು. ಹೊಳೆ ಹರಿಯಿತು. ಜನ ಸೌದೆ ಒಡೆದು, ಒಂದೇ ಒಲೆಯ ಸುತ್ತ ಒತ್ತಿ ಕೂತು, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಸುಖವಾಗಿದ್ದರು. ರಾಣಿ ಎಡಗೈಯಲ್ಲಿ ಬರೆಯಲು ಕಲಿತು ದಿನಚರಿಗೆ ಸೇರಿಸಿದಳು:

‘ಹೋದದ್ದು: ನನ್ನ ಎರಡು ಬೆರಳು. ನೀರು ಮುಟ್ಟದ ಕೆಳಬಯಲಿನ ಗದ್ದೆಗಳು. ಆ ಚಳಿಗಾಲ ದಾಟದ ಕೆಲವು ಮುದುಕರು, ಸಂಕಮ್ಮನೂ ಸೇರಿ. ಕಲ್ಲಿನಿಂದ ಈಗಿನ ಅಂಚಿನವರೆಗಿನ ಹಿಮ. ಅದು ಮರಳಿ ಬರಲಿಲ್ಲ.’