ಅಳಿಸಲು ಬಾರದ ಖಾತೆ

ನವೆಂಬರ್ ಎಂಟು, ದೇವದೂತ ಮಿಖಾಯಿಲನ ಹಬ್ಬ. ಬೆಳಗ್ಗೆ ಹನ್ನೊಂದಕ್ಕೆ ರೂಸೆ ನಗರದ ಠಾಣೆಗೆ ದೂರು ಬಂತು. ಮೂತ್ರಪಿಂಡ ಚಿಕಿತ್ಸಾಲಯದ ಕಂಪ್ಯೂಟರಿನಿಂದ ರೋಗಿಗಳ ದಾಖಲೆಗಳೆಲ್ಲ ಅಳಿಸಿಹೋಗಿದ್ದವು. ದೂರು ಕೊಟ್ಟವನು ಅಲ್ಲಿ ಬಹುಕಾಲದಿಂದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ರಂಗೆಲ್. ನಿತ್ಯವೂ ದಾಖಲೆಗಳ ಪ್ರತಿ ತೆಗೆದಿಡುವ ಖಾತೆಯಿಂದಲೇ ಈ ಕೃತ್ಯ ನಡೆದಿದೆ, ಆ ಖಾತೆ ಈಗ ಹೊಸಬಳಾದ ಮಿಹಾಯೆಲಾಳ ಕೈಯಲ್ಲಿದೆ ಎಂದು ಅವನು ಬರೆಸಿದ.

ಇನ್‌ಸ್ಪೆಕ್ಟರ್ ಸ್ತಾಮೆನ್ ಎಫ್‌ಐಆರ್ ದಾಖಲಿಸಿ, ಪೇದೆ ಯಾಸೆನನೊಂದಿಗೆ ಹೊರಟ. ಸ್ತಾಮೆನ್ ತೀರಿಕೊಂಡ ತನ್ನ ಹೆಂಡತಿಗಾಗಿ ಮುಂಜಾನೆ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಬಂದಿದ್ದ. ಅವಳ ಕೊನೆಯ ವರ್ಷ ಅದೇ ಚಿಕಿತ್ಸಾಲಯದಲ್ಲಿ ಕಳೆದಿತ್ತು.

ಮಿಹಾಯೆಲಾಳ ಮೇಜಿನ ಸುತ್ತ ಚಾಕೊಲೇಟಿನ ಕಾಗದಗಳು ಬಿದ್ದಿದ್ದವು. ಅವಳ ಹೆಸರೂ ರಂಗೆಲನ ಹೆಸರೂ ಆ ದೇವದೂತನಿಂದಲೇ ಬಂದವು; ಅಂದು ಇಬ್ಬರಿಗೂ ಹೆಸರಿನ ಹಬ್ಬ, ಜೊತೆಯವರಿಗೆಲ್ಲ ಸಿಹಿ ಹಂಚುವ ದಿನ. ರಂಗೆಲನ ಚಾಕೊಲೇಟ್ ಡಬ್ಬಿಯೂ ತೆರೆದೇ ಇತ್ತು. ಅದರಲ್ಲಿ ಒಂದೂ ಕಡಿಮೆಯಾಗಿರಲಿಲ್ಲ.

"ಅಳಿಸಿದ್ದು ನೀನೇನಮ್ಮಾ?" ಸ್ತಾಮೆನ್ ಮಿಹಾಯೆಲಾಳನ್ನು ಕೇಳಿದ.

"ಇಲ್ಲ ಸಾರ್. ಆ ಖಾತೆ ಓದುತ್ತೆ, ಪ್ರತಿ ತೆಗೆಯುತ್ತೆ, ಅಷ್ಟೇ. ಅಳಿಸೋಕೆ ಬಿಡಲ್ಲ."

"ಕೇಳಿದ್ರಾ?" ರಂಗೆಲ್ ನಕ್ಕ. "ಆ ಖಾತೆ ಮಾಡಿಕೊಟ್ಟಿದ್ದೇ ನಾನು. ಎಲ್ಲೂ ಕೆಲಸ ನಿಲ್ಲಬಾರದು ಅಂತ ಎಲ್ಲಾ ಅಧಿಕಾರನೂ ಕೊಟ್ಟಿದ್ದೆ. ನಿನ್ನೆ ಮೊನ್ನೆ ಬಂದವಳು ನನಗೇ ಪಾಠ ಹೇಳ್ತಾಳೆ!"

"ಹೋದ ವಾರ ನಿರ್ದೇಶಕರು ಆ ಅಧಿಕಾರ ತೆಗೆದುಹಾಕಿದ್ರು, ಅಣ್ಣಾ. ನಾನೇ ಕೇಳಿಕೊಂಡಿದ್ದು. ನಿಮಗೆ ಹೇಳೋಕೆ ಬಂದ್ರೆ ಮುಖ ತಿರುಗಿಸಿಕೊಂಡ್ರಿ."

ರಂಗೆಲನ ನಗು ಅಲ್ಲೇ ನಿಂತಿತು.

ನಿರ್ದೇಶಕಿ ಡಾಕ್ಟರ್ ಯೋರ್ದಾನೋವಾ ಮತ್ತು ಒಬ್ಬ ದಾದಿಯ ಸಮಕ್ಷಮ ಪಂಚನಾಮೆ ನಡೆಯಿತು. ಬೆಳಗ್ಗೆ ಎಂಟಕ್ಕೆ ತೆಗೆದಿಟ್ಟ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಇಳಿಸಿದರು. ಆ ಹೊತ್ತಿಗೆ ಯಾವ ಖಾತೆಗೆ ಎಷ್ಟು ಅಧಿಕಾರವಿತ್ತೆಂಬುದೂ ಅದರೊಳಗಿತ್ತು. ಮಿಹಾಯೆಲಾಳ ಖಾತೆಯಿಂದ ಒಂದು ದಾಖಲೆ ಅಳಿಸಲು ನೋಡಿದರು. ಅನುಮತಿ ಇಲ್ಲ ಎಂದಿತು ಪರದೆ.

"ಅಳಿಸೋ ಅಧಿಕಾರ ಯಾರಿಗಿದೆ?"

"ನನಗೆ, ರಂಗೆಲನಿಗೆ, ಇಬ್ಬರಿಗೇ," ಎಂದರು ನಿರ್ದೇಶಕಿ. "ನಾನು ಬೆಳಗಿನಿಂದ ವಾರ್ಡಿನಲ್ಲೇ ಇದ್ದೆ." ದಾದಿ ಹೌದೆಂದಳು.

ಸ್ತಾಮೆನ್ ರಂಗೆಲನ ಡಬ್ಬಿಯಿಂದ ಒಂದು ಚಾಕೊಲೇಟ್ ಎತ್ತಿಕೊಂಡ. "ಹಬ್ಬದ ಶುಭಾಶಯ, ರಂಗೆಲ್. ಈಗ ಹೇಳು."

ರಂಗೆಲ್ ಡಬ್ಬಿಯ ಮುಚ್ಚಳ ಮುಚ್ಚಿದ.

"ಪ್ರತಿ ವರ್ಷ ಎಲ್ಲರೂ ಮೊದಲು ನನ್ನ ಹತ್ರ ಬರ್ತಿದ್ರು ಸಾರ್. ಇವತ್ತು ಮುಚ್ಚಳ ತೆಗೆದು ಕೂತೇ ಇದ್ದೆ. ಒಬ್ಬರೂ ಈ ಕಡೆ ತಿರುಗಲಿಲ್ಲ. ಅವಳ ಮೇಜಿನ ಹತ್ರ ನಗು ಕೇಳ್ತಿತ್ತು... ಅವಳು ಕೆಲಸ ಬಿಟ್ಟು ಹೋದ್ರೆ ಸಾಕಾಗಿತ್ತು. ಪ್ರತಿ ಇತ್ತಲ್ಲ, ರೋಗಿಗಳಿಗೇನೂ ಆಗ್ತಿರಲಿಲ್ಲ."

"ಹೊರಗಿನ ಬೆಂಚು ನೋಡಿದ್ಯಾ? ದಾಖಲೆ ಇಲ್ಲ ಅಂತ ರೋಗಿಗಳು ಬೆಳಗಿನಿಂದ ಕಾಯ್ತಿದ್ದಾರೆ. ನನ್ನ ಹೆಂಡತಿ ಅಲ್ಲೇ ಕೂರ್ತಿದ್ಲು."

ಮಧ್ಯಾಹ್ನ ಎರಡೂವರೆಗೆ ರಂಗೆಲನನ್ನು ಬಂಧಿಸಲಾಯಿತು. ಅಷ್ಟರಲ್ಲಿ ಮಿಹಾಯೆಲಾ ದಾಖಲೆಗಳನ್ನು ಮರಳಿ ತುಂಬಿದ್ದಳು. ದಾದಿ ಬೆಂಚಿನ ಮೇಲಿದ್ದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದಳು. ವರದಿಯಲ್ಲಿ ಕಾರಣದ ಜಾಗದಲ್ಲಿ ಸ್ತಾಮೆನ್ "ಹೊಟ್ಟೆಕಿಚ್ಚು" ಎಂದಷ್ಟೇ ಬರೆದ.

"ಈ ಡಬ್ಬಿ ಜಪ್ತಿ ಮಾಡ್ಬೇಕಾ ಸಾರ್?" ಯಾಸೆನ್ ಕೇಳಿದ.

"ಬೇಡ. ದಾದಿಯರಿಗೆ ಹಂಚು. ಅವನ ಹೆಸರು ಹೇಳಿ ಹಂಚು."