ತಂತಿಯ ಕೊನೆಯ ಮುಚ್ಚಳ

ಹಾಸನದಿಂದ ಕಂಪ್ಯೂಟರ್ ರಿಪೇರಿಗೆ ಬಂದ ಇಂಜಿನಿಯರ್ ನಟರಾಜ್ ಆಡಿದ ಮೊದಲ ಮಾತೇ ಇಂದುವಿಗೆ ಹಿಡಿಸಲಿಲ್ಲ. "ಇದನ್ನ ಯಾರೋ ಬಿಚ್ಚಿದಾರೆ," ಎಂದುಬಿಟ್ಟಿದ್ದ, ಅದೂ ಸೆಕ್ರೆಟರಿ ಷಡಕ್ಷರಪ್ಪನವರ ಎದುರಿಗೇ. ಅರಸೀಕೆರೆಯ ಆ ಪುಟ್ಟ ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮುಟ್ಟುವವಳು ಅವಳೊಬ್ಬಳೇ. ಬೆರಳು ಮಾಡಿ ತೋರಿಸುವ ಅಗತ್ಯವೇ ಇರಲಿಲ್ಲ.

ಇಸವಿ ಎರಡು ಸಾವಿರ. ಆಯುಧಪೂಜೆ ಮುಗಿದು ಮೂರನೇ ದಿನಕ್ಕೆ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಯಾರ ಯಾವ ಕಣ್ಣಿಗೆ ಯಾವ ಅಳತೆಯ ಲೆನ್ಸ್ ಎಂದು ಅವಳು ಮೂರು ವರ್ಷ ಟೈಪ್ ಮಾಡಿದ್ದೆಲ್ಲ ಈಗ ಉಳಿದಿದ್ದುದು ಒಂದೇ ಒಂದು ಬ್ಯಾಕಪ್ ಟೇಪಿನಲ್ಲಿ. ಹಬ್ಬದ ಹಿಂದಿನ ದಿನ ಅವಳೇ ತೆಗೆದಿಟ್ಟಿದ್ದ ಟೇಪು. ಗುರುವಾರ ಇಪ್ಪತ್ತೆರಡು ಜನರಿಗೆ ಕಣ್ಣಿನ ಪೊರೆಯ ಆಪರೇಷನ್. ಅವರಲ್ಲೊಬ್ಬಳಾದ, ಗಂಡಸಿ ಊರಿನ ಮುದುಕಿ ಗಿಡ್ಡಮ್ಮ ಆಗಲೇ ಬಂದು ವಾರ್ಡಿನಲ್ಲಿ ಮಲಗಿದ್ದಳು. ಟೇಪು ಓದಲಾಗದಿದ್ದರೆ ಎಲ್ಲರೂ ವಾಪಸ್ಸು. ಅಳತೆ ತೆಗೆಯುವ ಡಾಕ್ಟರು ಮತ್ತೆ ಬರುವುದು ಒಂದು ತಿಂಗಳ ಮೇಲೆ. ಇಂದುವಿನ ತಾತ್ಕಾಲಿಕ ಕೆಲಸವೂ ಅಲ್ಲಿಗೆ ಮುಗಿದಂತೆಯೇ.

ನಟರಾಜ್ ಹೊಸ ಡಿಸ್ಕ್ ಹಾಕಿದ, ವಿಂಡೋಸ್ ಹಾಕಿದ, ಡ್ರೈವರ್ ಹಾಕಿದ, ಕೇಬಲ್ಲನ್ನೂ ಬದಲಿಸಿದ. ಟೇಪು ಓದುವ ಪೆಟ್ಟಿಗೆ, ಟೇಪ್ ಡ್ರೈವ್, ಪಕ್ಕದಲ್ಲೇ ಹಸಿರು ದೀಪ ಉರಿಸಿಕೊಂಡು ಕೂತಿದ್ದರೂ ಕಂಪ್ಯೂಟರ್ ಮಾತ್ರ ಅಂಥದ್ದೇನೂ ಇಲ್ಲವೆಂದು ಹಟ ಹಿಡಿಯಿತು. ಎದುರಿಗಿದ್ದವರ ಗುರುತೇ ಹಿಡಿಯದಷ್ಟು ಜಂಬ ಅದಕ್ಕೆ; ಅದರ ಮುಂದೆ ಕೂತವನಿಗೂ ಅಷ್ಟೇ ಎಂದುಕೊಂಡಳು ಇಂದು.

ನೋಡಬಾರದೆಂದರೂ ಕಣ್ಣು ಅತ್ತಲೇ ಹೋಗುತ್ತಿತ್ತು. ಡ್ರೈವಿನ ಹಿಂಭಾಗಕ್ಕೆ ಟಾರ್ಚ್ ಹಿಡಿದು ಇಣುಕಿ ಅವನು ತಲೆ ಎತ್ತಿದಾಗ ಮೂಗಿನ ತುದಿಗೆ ಕುಂಕುಮ ಮೆತ್ತಿಕೊಂಡಿತ್ತು. ಹೇಳಲೋ ಬೇಡವೋ ಎಂದು ಅವಳು ಲೆಕ್ಕ ಹಾಕುತ್ತಿರುವಾಗಲೇ ಅವನು ತಿರುಗಿ ನೋಡಿದ. ಇಂದು ಗಬಕ್ಕನೆ ಒಂದು ಫೈಲು ಎತ್ತಿಕೊಂಡು ಓದತೊಡಗಿದಳು.

"ಅದು ತಲೆಕೆಳಗಿದೆ ಕಣ್ರೀ," ಎಂದ ಮೆಲ್ಲಗೆ.

ಷಡಕ್ಷರಪ್ಪನವರು ಊಟಕ್ಕೆ ಮನೆಗೆ ಹೋಗುವುದನ್ನೇ ಕಾದಿದ್ದು ಅವನು ಅವಳ ಮೇಜಿನ ಹತ್ತಿರ ಬಂದ.

"ಡ್ರೈವ್ ಹಿಂದೆ ಪಿನ್ನುಗಳಲ್ಲೆಲ್ಲ ಕುಂಕುಮ ಇದೆ. ಅಲ್ಲೊಂದು ಮುಚ್ಚಳದ ಥರದ್ದು ಇತ್ತಾ?"

ಇಂದುವಿನ ಕಣ್ಣು ದೇವರ ಪಟದತ್ತ ಹೋಯಿತು. ಆಯುಧಪೂಜೆಗೆಂದು ಎಲ್ಲ ಬಿಚ್ಚಿ, ಒರೆಸಿ, ಕುಂಕುಮ ಇಟ್ಟವಳು ಅವಳೇ. ಹೆಬ್ಬೆರಳುದ್ದದ ಆ ಮುಚ್ಚಳಕ್ಕೆ ಯಾವ ವೈರೂ ಇರಲಿಲ್ಲ. ಎಲ್ಲಿಗೂ ಹೋಗದ ಇದರಿಂದ ಏನಾಗಬೇಕು, ಆದರೂ ಪೂಜೆಯಾದದ್ದನ್ನು ಬಿಸಾಡಬಾರದು ಎಂದುಕೊಂಡು ದೇವರ ಪಟದ ಮುಂದೆ, ನಿಂಬೆಹಣ್ಣಿನ ಪಕ್ಕ ಇಟ್ಟುಬಿಟ್ಟಿದ್ದಳು.

ಗೊತ್ತಿಲ್ಲ ಎಂದಿದ್ದರೆ ತಪ್ಪು ಅವಳ ತಲೆಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ವಾರ್ಡಿನಿಂದ ಗಿಡ್ಡಮ್ಮ ಕೆಮ್ಮಿದ್ದು ಕೇಳಿಸಿತು. ಇಂದು ಎದ್ದುಹೋಗಿ ಮುಚ್ಚಳ ತಂದು ಅವನ ಅಂಗೈಯಲ್ಲಿಟ್ಟಳು.

"ನಾನೇ ತೆಗ್ದಿದ್ದು."

ನಟರಾಜ್ ನಗಲಿಲ್ಲ, ಬೈಯಲೂ ಇಲ್ಲ. ಬ್ಯಾಗಿನಿಂದ ಹಳೇ ಹಲ್ಲುಜ್ಜುವ ಬ್ರಷ್ ತೆಗೆದು ಪಿನ್ನುಗಳ ಕುಂಕುಮ ಉದುರಿಸುತ್ತಾ, ಮಗುವಿಗೆ ಹೇಳುವ ಹಾಗೆ ಹೇಳಿದ. ಇದರ ಹೆಸರು ಟರ್ಮಿನೇಟರ್. ಕಂಪ್ಯೂಟರ್ ಏಳುತ್ತಲೇ ತಂತಿಯಲ್ಲಿ ಯಾರಿದ್ದೀರಿ ಎಂದು ಕೂಗುತ್ತದೆ. ತುದಿಯಲ್ಲಿ ಇದು ಇಲ್ಲದಿದ್ದರೆ ಆ ಕೂಗು ಬಡಿದು ವಾಪಸ್ಸು ಬಂದು, ಆ ಗದ್ದಲದಲ್ಲಿ ಯಾರ ಉತ್ತರವೂ ಕೇಳಿಸುವುದಿಲ್ಲ.

"ಇಲ್ಲಿಗೆ ಸಾಕು ಅಂತ ಹೇಳೋಕೆ ಕೊನೇಲಿ ಒಬ್ಬರು ಇರ್ಬೇಕು, ಅಷ್ಟೇ."

ಮುಚ್ಚಳ ಸಿಕ್ಕಿಸಿ ಕಂಪ್ಯೂಟರನ್ನು ಮತ್ತೆ ಆನ್ ಮಾಡಿದ. ಪರದೆಯ ಮೇಲೆ ಟೇಪ್ ಡ್ರೈವಿನ ಹೆಸರು ಮೂಡಿದಾಗ ಇಂದುವಿಗೆ ಅಳು ಬಂದೇಬಿಟ್ಟಿತು. ಸಂಜೆಯೊಳಗೆ ಗಿಡ್ಡಮ್ಮನ ಎಡಗಣ್ಣಿನ ಅಳತೆಯೂ ಸೇರಿ ಎಲ್ಲವೂ ಹಿಂದಿರುಗಿತು.

ಏನಾಗಿತ್ತೆಂದು ಷಡಕ್ಷರಪ್ಪನವರು ಕೇಳಿದ್ದಕ್ಕೆ ನಟರಾಜ್, ಒಂದು ಮುಚ್ಚಳ ಸಡಿಲವಾಗಿತ್ತು ಎಂದ. ಇಂದು ಸುಮ್ಮನಿರಲಿಲ್ಲ, ತಾನು ಮಾಡಿದ್ದನ್ನೆಲ್ಲ ಹೇಳಿದಳು. ಆ ಹಿರಿಯರು "ಟೇಪು ತೆಗೆದಿಟ್ಟೋಳೂ ನೀನೇ ಅಲ್ವೇನಮ್ಮ," ಎಂದು, ಮುಚ್ಚಳಕ್ಕೊಂದು ದಾರ ಕಟ್ಟಲು ಹೇಳಿ ಹೋದರು.

ಶುಕ್ರವಾರ ಗಿಡ್ಡಮ್ಮನ ಪಟ್ಟಿ ಬಿಚ್ಚಿದರು. ಡ್ರೈವ್ ಸರಿಯಿದೆಯೇ ನೋಡಬೇಕೆಂಬ ನೆಪ ಹಿಡಿದು ನಟರಾಜ್ ಕೂಡ ಬಂದಿದ್ದ. ಮುದುಕಿ ಕಣ್ಣು ಕಿರಿದು ಮಾಡಿ ಇಂದುವಿನ ಕೆನ್ನೆ ಸವರಿದಳು.

"ಈಗ ಕಾಣ್ತೀಯ ಕಣವ್ವ. ಇವ್ನ್ಯಾರು, ಆಗ್ಲಿಂದ ನಿನ್ನೇ ನೋಡ್ತಾವ್ನೆ?"

ಹೊರಗೆ ಜಗಲಿಗೆ ಬಂದ ಮೇಲೂ ಇಬ್ಬರಿಗೂ ತಲೆ ಎತ್ತಲಾಗಲಿಲ್ಲ. ಮನಸ್ಸು ತುಂಬಿ ಬಂದಿದ್ದ ಇಂದುವೇ ಮೊದಲು ಮಾತಾಡಿದಳು.

"ಅವತ್ತು ಸಾರ್ ಎದುರಿಗೆ ಕೇಳದೇ, ಅವರು ಊಟಕ್ಕೆ ಹೋಗೋವರೆಗೂ ಕಾದ್ರಲ್ಲ. ಅದನ್ನ ಸಾಯೋವರೆಗೂ ಮರೆಯಲ್ಲ."

ನಟರಾಜ್ ಕೈಯಲ್ಲಿದ್ದ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಿಸಿದ.

"ನಮ್ಮಮ್ಮ ಎರಡು ವರ್ಷದಿಂದ ನನಗೆ ಹೆಣ್ಣು ಹುಡುಕ್ತಾನೇ ಇದಾರೆ. ಇಲ್ಲಿಗೆ ಸಾಕು ಅಂತ ಹೇಳ್ಬಿಡ್ಲಾ?"

ಈಗ ಅವಳು ತಲೆ ಎತ್ತಿ ಅವನನ್ನು ನೇರವಾಗಿ, ಕಣ್ತುಂಬ ನೋಡಿದಳು.

"ಹೇಳಿ," ಎಂದಳು. "ಮುಂದಿನ ಆಯುಧಪೂಜೆಗೆ ಮಾತ್ರ ಅದನ್ನೆಲ್ಲ ಒರೆಸೋಕೆ ನೀವೇ ಬರ್ಬೇಕು."